ರುಮಾಲು ಸುತ್ತಿದರೆ ಸರ್ಕಾರ

ನಮ್ಮ ದೊಡ್ಡತ್ತೆ ಸರ್ಕಾರದ ಜೊತೆ ಟೂ ಬಿಟ್ಟಿದ್ದರು. ನಗಬೇಡಿ! ಮಕ್ಕಳು ಬಳಪದ ಚೂರಿಗೆ ಜಗಳವಾಡಿ, ಕಿರುಬೆರಳು ತೋರಿಸಿ ಟೂ ಬಿಡುತ್ತಾರಲ್ಲ, ಅದೇ ಟೂ. ಈ ವಿಷಯ ಸರ್ಕಾರಕ್ಕೆ ಗೊತ್ತಿತ್ತೋ ಇಲ್ಲವೋ ನಾನರಿಯೆ. ಸರ್ಕಾರಕ್ಕೆ ಗೊತ್ತಿಲ್ಲದ ಸಂಗತಿಗಳು ಬೇಕಾದಷ್ಟಿವೆ, ಅವುಗಳ ಜೊತೆಗೆ ಇದೂ ಒಂದು.

ಕಷ್ಟ ಏನಪ್ಪಾ ಅಂದರೆ, ಸರ್ಕಾರ ನಮ್ಮ ಮನೆಯಲ್ಲೇ ಇತ್ತು. ನನ್ನ ಮಾವನವರು ತಾಯಲೂರಿನ ಆಚೆಗಿರುವ ನಮ್ಮ ಹಳ್ಳಿಯ ಶಾನುಭೋಗರು. ದೊಡ್ಡತ್ತೆ ಅವರ ಒಡಹುಟ್ಟಿದ ಅಕ್ಕ. ಒಂದೇ ಸೂರು, ಒಂದೇ ಒಲೆ. ಹೀಗಿರುವಾಗ ಟೂ ಬಿಟ್ಟು ಬದುಕುವುದು ಹೇಗೆ? ದೊಡ್ಡತ್ತೆ ಇದಕ್ಕೊಂದು ಕಾಯಿದೆ ಮಾಡಿಕೊಂಡಿದ್ದರು. ಮಾವನವರ ತಲೆಯ ಮೇಲೆ ರುಮಾಲು ಇದ್ದರೆ ಅವರು ಸರ್ಕಾರ. ರುಮಾಲು ಗೂಟಕ್ಕೆ ಏರಿದರೆ ಅವರು ತಮ್ಮ. ತಮ್ಮನಿಗೆ ಬಿಸಿ ಬಿಸಿ ಮುದ್ದೆ, ತುಪ್ಪ, "ಇನ್ನೊಂದು ಚೂರು ಹಾಕ್ಕೊಳೋ" ಎಂಬ ಉಪಚಾರ. ಸರ್ಕಾರಕ್ಕೆ ಒಂದು ಮಾತೂ ಇಲ್ಲ!

ಒಂದು ದಿನ ಮಾವನವರು ಮುಳಬಾಗಿಲಿಗೆ ಹೋಗುವ ಆತುರದಲ್ಲಿ ರುಮಾಲು ಸುತ್ತಿಕೊಂಡೇ ಎಲೆಯ ಮುಂದೆ ಕೂತುಬಿಟ್ಟರು. ದೊಡ್ಡತ್ತೆ ಅನ್ನದ ಪಾತ್ರೆ ಹಿಡಿದು ಬಂದವರು ನಡುಮನೆಯಲ್ಲೇ ನಿಂತರು. ಹಾಗೇ ಹಿತ್ತಲ ಬಾಗಿಲ ಕಡೆ ತಿರುಗಿ, "ಬೋಡೀ, ಸರ್ಕಾರಕ್ಕೆ ಈ ಮನೇಲಿ ಅನ್ನ ಬೇಯ್ಸಿಲ್ಲ ಅಂತ ಹೇಳ್ಬಿಡೇ" ಎಂದು ಕೂಗಿದರು. ಮಾವನವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅನ್ನ ಬಂತು. ತುಪ್ಪವೂ ಬಂತು.

ಬೋಡಿ ಅಂದರೆ ನಮ್ಮ ಎಮ್ಮೆ. ಹುಟ್ಟಾ ಕೊಂಬಿಲ್ಲದ್ದು. ದೊಡ್ಡತ್ತೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ತಲೆ ಬೋಳಿಸಿ ಕೆಂಪು ಸೀರೆ ಉಡಿಸಿ ತವರಿಗೆ ಅಟ್ಟಿದ್ದರು. ಊರ ಬಾಯಿಯಲ್ಲಿ ಅಂಥ ಹೆಂಗಸರಿಗೆ ಇದ್ದ ಹೆಸರೂ ಅದೇ. "ಬೀದೀಲಿ ಯಾರಾದ್ರೂ ಹಾಗಂದ್ರೆ ತಿರುಗಿ ನೋಡ್ಬೇಕಾದ್ದು ನಾನಲ್ಲ ಕಣೇ, ಎಮ್ಮೆ. ಅದಕ್ಕೇ ಆ ಹೆಸರಿಟ್ಟೆ" ಎಂದು ನನಗೆ ಹೇಳಿದಾಗ ನಾನು ಹೊಟ್ಟೆ ಹಿಡಿದು ನಕ್ಕಿದ್ದೆ. ಹೊಸದಾಗಿ ಮದುವೆಯಾಗಿ ಮಾಲೂರಿನಿಂದ ಬಂದಿದ್ದೆ ನೋಡಿ, ನಗು ಅಗ್ಗವಾಗಿತ್ತು. ಆಮೇಲಾಮೇಲೆ ಆ ಮಾತು ನೆನೆದರೆ ಮೈ ಉರಿಯತೊಡಗಿತು.

ಇನ್ನೂ ಉರಿಯುವ ಸಂಗತಿ ಕೇಳಿ. ಮಾವನವರು ಸರ್ಕಾರಿ ಕೆಲಸಕ್ಕೆ ಹೊರಡುವಾಗ ದೊಡ್ಡತ್ತೆ ಎದುರು ಬರುವಂತಿರಲಿಲ್ಲ. ಬೋಳುತಲೆಯ ವಿಧವೆ ಎದುರಾದರೆ ಹೋದ ಕೆಲಸ ಕೆಡುತ್ತದಂತೆ! ಅವರು ರುಮಾಲು ಸುತ್ತುವುದಕ್ಕೆ ಕನ್ನಡಿಯ ಮುಂದೆ ನಿಂತರೆ ಸಾಕು, ಇವರು ಯಾರೂ ಹೇಳದೆಯೇ ಕೊಟ್ಟಿಗೆಗೆ ಹೋಗಿ ಕೂರುತ್ತಿದ್ದರು. ಚಪ್ಪಲಿಯ ಸದ್ದು ಬೀದಿ ದಾಟಿದ ಮೇಲೇ ಹೊರಗೆ ಬರುತ್ತಿದ್ದುದು. ತಾನು ಎತ್ತಿ ಆಡಿಸಿದ ತಮ್ಮ ಕೆಲಸಕ್ಕೆ ಹೊರಡುವುದನ್ನು ಆಕೆ ಬಾಗಿಲ ಸಂದಿಯಿಂದ, ಹಿಂದಿನಿಂದ ಮಾತ್ರ ನೋಡಿದ್ದು. ಕಾಲವೆಲ್ಲ ಹಾಗೇ ನಡೆದಿತ್ತು. ಆಗ ಟೂ ಇರಲಿಲ್ಲ. ಟೂ ಶುರುವಾದದ್ದು ದನ ಸತ್ತ ವರ್ಷ.

ಎರಡನೇ ಮಹಾಯುದ್ಧಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ನಮ್ಮ ಕಡೆಯ ದನಗಳಿಗೆ ದೊಡ್ಡ ರೋಗ ತಗುಲಿತು. ಬೆಳಿಗ್ಗೆ ಮೇವು ಬಿಟ್ಟ ದನ ಬಾಯಲ್ಲಿ ಹುಣ್ಣೆದ್ದು, ಭೇದಿಯಾಗಿ, ಕಣ್ಣು ಗುಳಿಬಿದ್ದು ಕೆಲವೇ ದಿನಗಳಲ್ಲಿ ನೆಲ ಹಿಡಿಯುತ್ತಿತ್ತು. ಮುಳಬಾಗಿಲಿನಿಂದ ದನದ ಡಾಕ್ಟರು ಸೈಕಲ್ಲಿನಲ್ಲಿ ಬಂದರು. ತಮಟೆ ಬಡಿಸಿ ಸರ್ಕಾರದ ಹುಕುಂ ಸಾರಿಸಿದರು: ಸತ್ತ ದನವನ್ನು ಯಾರೂ ಸುಲಿಯಕೂಡದು, ತೊಗಲಿಗೆ ಕತ್ತಿಯಿಂದ ಗೀರು ಹಾಕಿ ಕೆಡಿಸಬೇಕು, ಆಳವಾದ ಗುಂಡಿ ತೋಡಿ ಸುಣ್ಣ ಸುರಿದು ಇಡಿಯಾಗಿ ಹೂಳಬೇಕು, ತಪ್ಪಿದರೆ ದಂಡ. ಸರಿಯಾದ ಮಾತೇ. ಸುಲಿದ ತೊಗಲಿನಿಂದ ರೋಗ ಹಬ್ಬುತ್ತದೆ. ಯಾರೂ ತಕರಾರು ಮಾಡಲಿಲ್ಲ. ತೊಗಲನ್ನೇ ನಂಬಿ ಬದುಕುತ್ತಿದ್ದವರು ಕೂಡ ತಮ್ಮ ಅನ್ನಕ್ಕೆ ತಾವೇ ಮಣ್ಣೆಳೆದರು.

ದೊಡ್ಡತ್ತೆಯ ತುಂಗೆ ಸತ್ತದ್ದು ಆಗಲೇ. ತುಂಗೆಯ ವಂಶದ ಕತೆ ಹೇಳಬೇಕು. ಗಂಡನ ಮನೆಯವರು ದೊಡ್ಡತ್ತೆಯನ್ನು ಅಟ್ಟಿದಾಗ ಹೊಲ ಕೊಡಲಿಲ್ಲ, ಒಡವೆ ಕೊಡಲಿಲ್ಲ, ಗಾಡಿಯ ಹಿಂದೆ ಒಂದು ಬಡಕಲು ಹೆಣ್ಣುಗರು ಕಟ್ಟಿ ಕಳಿಸಿದ್ದರು. ಪಾಲು ಮುಗಿಯಿತು! ಆ ಕರು ಬೆಳೆದು ಹಸುವಾಯಿತು. ಆ ವೇಳೆಗೆ ತಾಯಿ ತೀರಿಕೊಂಡಿದ್ದ ಮನೆಯಲ್ಲಿ ಚಿಕ್ಕ ಕೂಸಾಗಿದ್ದ ನಮ್ಮ ಮಾವನವರು ಅದರ ಹಾಲು ಕುಡಿದೇ ಬೆಳೆದರು. ಅದರ ಮಗಳ ಮಗಳು ತುಂಗೆ. ಈ ಲೋಕದಲ್ಲಿ ದೊಡ್ಡತ್ತೆ 'ನನ್ನದು' ಎಂದು ಬೆರಳಿಟ್ಟು ತೋರಿಸಬಹುದಾಗಿದ್ದುದು ಅದೊಂದನ್ನೇ.

ತುಂಗೆಯನ್ನು ಹೊಂಗೆ ಮರದ ಪಕ್ಕದಲ್ಲಿ ಹೂತರು. ಸುಣ್ಣ ಸುರಿದವರು ಸ್ವತಃ ಮಾವನವರು. ಮನೆಗೆ ಬಂದಾಗ ಅವರ ಕಣ್ಣು ಕೆಂಡದ ಹಾಗಿತ್ತು. "ಸುಣ್ಣ ಬಿತ್ತು" ಎಂದರು. ನಾನು ಅವರ ಎದುರು ಮಾತಾಡುವ ಹಾಗಿಲ್ಲವಲ್ಲ, ಒಂದು ಚೊಂಬು ನೀರಿಟ್ಟು ಒಳಗೆ ಹೋದೆ.

ಇದಾಗಿ ಊರು ಸ್ವಲ್ಪ ಉಸಿರಾಡುವಷ್ಟರಲ್ಲಿ ಮತ್ತೆ ತಮಟೆ. ಸರ್ಕಾರ ಉದಾರ ಮನಸ್ಸಿನಿಂದ, ದನ ಕಳೆದುಕೊಂಡ ರೈತರಿಗೆ ಪರಿಹಾರ ಕೊಡುತ್ತದೆಯಂತೆ! ಊರೆಲ್ಲ ಕುರುಡುಮಲೆ ಗಣಪತಿಗೆ ಕೈಮುಗಿಯಿತು. ತಮಟೆಯವನು ಮುಂದಿನ ವಾಕ್ಯ ಸಾರುವ ತನಕ. ಮುಂದಿನ ವಾಕ್ಯ ಇದು: ಪರಿಹಾರ ಬೇಕಾದವರು ದನ ಸತ್ತದ್ದಕ್ಕೆ ಆಧಾರವಾಗಿ ಅದರ ತೊಗಲನ್ನು ಹಾಜರುಪಡಿಸತಕ್ಕದ್ದು.

ಕೇಳಿದಿರಾ? ಗೀರಿ, ಸುಣ್ಣ ಹಾಕಿ, ಹೂಳು ಎಂದ ಸರ್ಕಾರವೇ ಈಗ ತೊಗಲು ತೋರಿಸು ಎನ್ನುತ್ತಿದೆ! ಹೂಳು ಎಂದವರದು ಒಂದು ಇಲಾಖೆಯಂತೆ, ತೋರಿಸು ಎಂದವರದು ಇನ್ನೊಂದು ಇಲಾಖೆಯಂತೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಯಾವ ಪುಣ್ಯಾತ್ಮ ಎಲ್ಲಿ ಕೂತು ಇದನ್ನು ಬರೆದನೋ! ರೈತರು ಸುಳ್ಳು ಹೇಳುತ್ತಾರೆ ಎಂಬ ಭಯವಂತೆ ಅವನಿಗೆ. ಈಗ ನೀವೇ ಹೇಳಿ. ಮಾತು ಕೇಳಿ ಹೂತವರ ಬಳಿ ತೊಗಲು ಇರುತ್ತದೆಯೇ? ಮಾತು ಮೀರಿ, ಕದ್ದು ಸುಲಿದು, ಹಿತ್ತಲಲ್ಲಿ ಒಣಹಾಕಿ, ಪಕ್ಕದೂರಿಗೂ ರೋಗ ಹಂಚಿದವರ ಬಳಿ ಇರುತ್ತದೆ. ಪರಿಹಾರ ಅವರಿಗೆ! ಹೇಳಿದಂತೆ ಕೇಳಿದವರಿಗೆ ನಾಮ.

ತೊಗಲಿಗೆ ಬೇಡಿಕೆ ಬಂದ ಮೇಲೆ ಬಾಡಿಗೆಯೂ ಶುರುವಾಯಿತು. ಒಬ್ಬ ದನದ ದಲ್ಲಾಳಿ ಮಚ್ಚೆಯ ತೊಗಲೊಂದನ್ನು ಗಾಡಿಯಲ್ಲಿ ಹಾಕಿಕೊಂಡು ಊರೂರು ಸುತ್ತಿದ. ಆ ಒಂದೇ ಹಸು ತಾಯಲೂರಿನಲ್ಲಿ ಸತ್ತಿತು, ಮುಳಬಾಗಿಲಿನಲ್ಲಿ ಸತ್ತಿತು, ಶ್ರೀನಿವಾಸಪುರದ ಕಡೆ ಹೋಗಿ ಯಲ್ದೂರಿನಲ್ಲೂ ಸತ್ತಿತು. ಪ್ರತಿ ಸಾವಿಗೂ ಪರಿಹಾರ! "ಏನಯ್ಯಾ ಇದು?" ಎಂದು ಯಾರೋ ಕೇಳಿದ್ದಕ್ಕೆ ಅವನು ತೆಲುಗಿನಲ್ಲಿ, "ತೋಲು ಒಕಟೇ ಸಾಮೀ, ಸಾವುಲು ಶಾನಾ" ಎಂದನಂತೆ. ತೊಗಲು ಒಂದೇ, ಸಾವು ಬಹಳ. ನಿಜ ಹೇಳಿದವನು ಇಡೀ ತಾಲ್ಲೂಕಿನಲ್ಲಿ ಅವನೊಬ್ಬನೇ.

ನಮ್ಮ ಊರಿನ ವಿಚಾರಣೆ ನಮ್ಮ ಮನೆಯ ಜಗಲಿಯ ಮೇಲೇ ನಡೆಯಿತು. ಹೋಬಳಿಯ ಕಂದಾಯ ನೋಡಿಕೊಳ್ಳುವ ಶೇಕದಾರರು ದಿಂಬಿಗೆ ಒರಗಿ ಕೂತು ಹೆಸರು ಕರೆಯುತ್ತಿದ್ದರು, ಮಾವನವರು ಬರೆಯುತ್ತಿದ್ದರು. ದೊಡ್ಡತ್ತೆಯ ಸರದಿ ಬಂತು. ಬಾಗಿಲ ಮರೆಯಲ್ಲಿ ನಿಂತು, "ಹೂತಿದೀವಲ್ಲಪ್ಪ, ಊರೆಲ್ಲ ನೋಡಿದೆ" ಎಂದರು. ಶೇಕದಾರರು ಆಕಳಿಸಿ, "ಬರ್ಕೊಳ್ರೀ ಶಾನುಭೋಗ್ರೇ" ಎಂದು ಹೇಳಿ ಬರೆಸಿದರು. ಮಾವನವರು ಬರೆದದ್ದನ್ನು ನಿಯಮದಂತೆ ಗಟ್ಟಿಯಾಗಿ ಓದಿದರು: "ತೊಗಲು ಹಾಜರಿಲ್ಲ. ಸದರಿ ಹಸು ಇದ್ದುದಕ್ಕೂ ಸತ್ತುದಕ್ಕೂ ಆಧಾರವಿಲ್ಲ."

ಸತ್ತುದಕ್ಕೆ ಆಧಾರವಿಲ್ಲ, ಹೋಗಲಿ. ಇದ್ದುದಕ್ಕೂ ಇಲ್ಲವೇ? ಅದರ ಅಜ್ಜಿಯ ಹಾಲು ಕುಡಿದ ಬಾಯಿ ಅದನ್ನು ಓದಿತು!

"ಲೋ, ತುಂಗೆ ಇರ್ಲಿಲ್ವೇನೋ?" ಎಂದರು ದೊಡ್ಡತ್ತೆ. ಮಾವನವರು ತಲೆ ಎತ್ತಲಿಲ್ಲ. "ರೂಲ್ಸು ಹಾಗಿದೆ ಅಕ್ಕ" ಎಂದರು. ಅಂದಿನಿಂದ ಟೂ.

ಆಮೇಲೆ ರುಮಾಲಿಗೆ ಹೇಳಬೇಕಾದ ಮಾತೆಲ್ಲ ಬೋಡಿಯ ಮೂಲಕವೇ. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಫಲವಿಲ್ಲ ಎನ್ನುತ್ತಾರೆ. ನಮ್ಮ ಎಮ್ಮೆಯ ಮುಂದೆ ಬಾರಿಸಿದ್ದು ಮಾತ್ರ ಜಗಲಿಗೂ ಬೀದಿಗೂ ಚೆನ್ನಾಗಿ ಕೇಳಿಸುತ್ತಿತ್ತು. "ಬೋಡೀ, ದೇವ್ರು ಕೊಟ್ರೂ ಪೂಜಾರಿ ಕೊಡ ಅಂತಾರೆ. ನಮ್ಮನೇಲಿ ಪೂಜಾರೀನ ನಾನೇ ಎತ್ತಿ ಬೆಳೆಸಿದೆ ಕಣೇ!" ಜಗಲಿಯಲ್ಲಿ ಲೇಖನಿ ನಿಲ್ಲುತ್ತಿತ್ತು. ಎಮ್ಮೆ ಮೆಲುಕು ಹಾಕುತ್ತಿತ್ತು.

ಈ ಅಂಚೆ ನನಗೂ ಅನುಕೂಲವೇ ಆಯಿತೆನ್ನಿ. ನನ್ನವರು ಕೋಲಾರದಲ್ಲಿ ಮೇಷ್ಟರು, ವಾರಕ್ಕೊಮ್ಮೆ ಬರುವವರು. ಮಾವನವರನ್ನು ನೇರವಾಗಿ ಕೇಳುವಂತಿಲ್ಲ. ಒಂದು ದಿನ ಧೈರ್ಯ ಮಾಡಿ, ಕೊಟ್ಟಿಗೆಯಲ್ಲಿ ನಿಂತು, "ಬೋಡೀ, ಮಾಲೂರಲ್ಲಿ ನಮ್ಮಮ್ಮಂಗೆ ಮೈ ಸರಿಯಿಲ್ಲ, ಹೋಗಿ ಬರ್ಲಾ?" ಎಂದೆ. ಜಗಲಿಯಿಂದ ಕೆಮ್ಮು ಕೇಳಿಸಿತು. ಆಮೇಲೆ, "ಎಮ್ಮೆಗೆ ಹೇಳು, ಹೋಗ್ಬರ್ಲಿ ಅಂತ" ಎಂಬ ಅಪ್ಪಣೆ ಬಂತು. ಅಂಥ ಮಾವ. ಮನುಷ್ಯ ಕೆಟ್ಟವರಲ್ಲ ನೋಡಿ, ರುಮಾಲು ಕೆಟ್ಟದ್ದು.

ಶೇಕದಾರರು ಮತ್ತೆ ಒಂದು ದಿನ ಬಿಸಿಲಿನಲ್ಲಿ ಬಂದರು. ನಮ್ಮ ಮನೆಯ ಮಜ್ಜಿಗೆಯ ಮೇಲೆ ಅವರಿಗೆ ಬಲು ಪ್ರೀತಿ. ದೊಡ್ಡತ್ತೆ ಒಂದು ದೊಡ್ಡ ಲೋಟ ಕಳಿಸಿದರು, ಕರಿಬೇವಿನ ಒಗ್ಗರಣೆ ಸಮೇತ. ಆತ ಗಟಗಟ ಕುಡಿದು ಮೀಸೆ ಒರೆಸಿಕೊಂಡು, "ಇನ್ನೊಂದು ಲೋಟ ಆಗ್ಬಹುದು" ಎಂದರು. ಒಳಗಿನಿಂದ ದನಿ ಬಂತು: "ಬೋಡೀ, ಮೊದಲ್ನೇ ಲೋಟ ಕುಡಿದದ್ದಕ್ಕೆ ಆಧಾರ ಏನು ಅಂತ ಕೇಳು. ಕುಡಿದ ಮಜ್ಜಿಗೇನ ಹಾಜರುಪಡಿಸ್ಲಿ, ಆಮೇಲೆ ಎರಡ್ನೇದು ಕೊಡೋಣ!" ಶೇಕದಾರರು ಮತ್ತೆ ನಮ್ಮ ಮನೆಯಲ್ಲಿ ಮಜ್ಜಿಗೆ ಕೇಳಲಿಲ್ಲ. ಬೀದಿಯಲ್ಲಿ ಎಮ್ಮೆ ಕಂಡರೆ ಪಕ್ಕಕ್ಕೆ ಸರಿದು ಹೋಗುತ್ತಿದ್ದರಂತೆ, ಜನ ಹೇಳಿದ್ದು.

ನಗುತ್ತಿದ್ದೀರಿ. ದೊಡ್ಡತ್ತೆ ನಗುತ್ತಿರಲಿಲ್ಲ. ಮಾತು ಬಿಟ್ಟ ಮೇಲೆ ಅವರು ಸಂಜೆ ಹೊತ್ತು ಹೊಂಗೆ ಮರದ ಕಡೆ ಹೋಗಿ ಸುಮ್ಮನೆ ನಿಂತು ಬರುತ್ತಿದ್ದರು. ಒಂದು ಸಲ ನನಗೆ, "ಪರಿಹಾರ ಹಾಳಾಗ್ಹೋಗ್ಲಿ ಕಣೇ. ಇರ್ಲೇ ಇಲ್ಲ ಅಂದ್ಬಿಟ್ರಲ್ಲ. ನನಗಿದ್ದದ್ದು ಅದೊಂದು. ಅದೂ ಇರ್ಲಿಲ್ಲ ಅಂದ್ರೆ ನಾನು ಏನಕ್ಕೆ ಇದ್ದೆ ಹೇಳು?" ಎಂದರು. ನನಗೆ ಕಚೇರಿಗೆ ಬೆಂಕಿ ಇಡಬೇಕು ಅನ್ನಿಸಿತು, ಅಷ್ಟೇ.

ಮಾವು ಹೂಬಿಟ್ಟ ಕಾಲದಲ್ಲಿ ತಾಲ್ಲೂಕಿನ ಅಮಲ್ದಾರರೇ ತಾಯಲೂರಿನ ತೋಪಿಗೆ ಕ್ಯಾಂಪು ಬಂದರು. ಅಹವಾಲು ಇದ್ದವರು ಬಂದು ಹೇಳಿಕೊಳ್ಳಬಹುದು ಎಂದು ಸಾರಿದರು. ಮಾವನವರು ಬೆಳಿಗ್ಗೆಯೇ ದಫ್ತರ ಹೊತ್ತು ಹೊರಟಿದ್ದರು. ಅವರ ಚಪ್ಪಲಿಯ ಸದ್ದು ದೂರವಾದ ಮೇಲೆ ದೊಡ್ಡತ್ತೆ ಕೊಟ್ಟಿಗೆಯಿಂದ ಹೊರಗೆ ಬಂದರು. ಕೈಯಲ್ಲಿ ಬೋಡಿಯ ಹಗ್ಗ.

"ನಡಿಯೇ, ಹೋಗೋಣ."

"ಎಮ್ಮೆ ಯಾಕೆ ದೊಡ್ಡತ್ತೆ?"

"ಪರಪುರುಷರ ಹತ್ರ ನಾನು ಹೇಗೆ ಮಾತಾಡ್ಲಿ?"

ಇದಕ್ಕೆ ಏನು ಹೇಳುತ್ತೀರಿ! ಮಡಿ ಸೀರೆಯ ವಿಧವೆ, ಸೆರಗು ಹೊದ್ದ ಹೊಸ ಸೊಸೆ, ಕೊಂಬಿಲ್ಲದ ಎಮ್ಮೆ, ಮೂವರೂ ಹಾಡಹಗಲಲ್ಲಿ ಊರ ನಡುವೆ ನಡೆದೆವು. ಕಟ್ಟೆಯ ಮೇಲೆ ಕೂತಿದ್ದವರು ಬಾಯಿಗೆ ಹಾಕುತ್ತಿದ್ದ ಎಲೆಯಡಿಕೆಯನ್ನು ಕೈಯಲ್ಲೇ ಹಿಡಿದುಕೊಂಡು ನೋಡಿದರು.

ತೋಪಿನಲ್ಲಿ ಡೇರೆ, ಮೇಜು, ಜವಾನರು. ಅಮಲ್ದಾರರು ಮೈಸೂರಿನ ಕಡೆಯವರು, ಕನ್ನಡಕ ಹಾಕಿದ ಸಣ್ಣ ಮನುಷ್ಯ. ಪಕ್ಕದಲ್ಲಿ ಶೇಕದಾರರು, ಅವರ ಹಿಂದೆ ರುಮಾಲು ಸುತ್ತಿದ ನಮ್ಮ ಮಾವನವರು. ನಮ್ಮನ್ನು ಕಂಡು ಅವರ ಮುಖ ಸುಣ್ಣವಾಯಿತು. ಕೆಲಸದ ಹೊತ್ತಿನಲ್ಲಿ ಅಕ್ಕ ಎದುರಿಗೆ ಬಂದದ್ದು ಅದೇ ಮೊದಲು.

"ಏನಮ್ಮ ನಿಮ್ಮ ಅಹವಾಲು?" ಎಂದರು ಅಮಲ್ದಾರರು.

ದೊಡ್ಡತ್ತೆ ಸೆರಗು ಎಳೆದುಕೊಂಡು ಎಮ್ಮೆಯ ಕಿವಿಯ ಕಡೆ ತಿರುಗಿದರು. "ಬೋಡೀ, ಸಾಹೇಬ್ರಿಗೆ ಹೇಳು. ಒಂದು ಸರ್ಕಾರ ಹೂಳು ಅಂತು, ಹೂತ್ವಿ. ಇನ್ನೊಂದು ಸರ್ಕಾರ ತೋರ್ಸು ಅಂತು. ಒಂದೂರಿಗೆ ಎಷ್ಟು ಸರ್ಕಾರ ಇದಾವೆ, ಯಾವ್ದರ ಮಾತು ಕೇಳ್ಬೇಕು ಅಂತ ವಿಚಾರಿಸು."

ಅಮಲ್ದಾರರು ಕನ್ನಡಕ ತೆಗೆದರು. "ಯಾರ ಜೊತೆ ಮಾತಾಡ್ತಿದಾರ್ರೀ ಇವರು?"

"ಎಮ್ಮೆ ಜೊತೆ, ಮಹಾಸ್ವಾಮಿ" ಎಂದರು ಶೇಕದಾರರು. ಅನುಭವಸ್ಥರು!

ಅಮಲ್ದಾರರು ದೊಡ್ಡತ್ತೆಯನ್ನು ನೋಡಿದರು, ಎಮ್ಮೆಯನ್ನು ನೋಡಿದರು. ಎಮ್ಮೆ ಅವರನ್ನೇ ದಿಟ್ಟಿಸುತ್ತಿತ್ತು. ಗಂಟಲು ಸರಿಮಾಡಿಕೊಂಡು, "ನೋಡಮ್ಮ, ರೂಲ್ಸು ನಾನು ಮಾಡಿದ್ದಲ್ಲ" ಎಂದರು. ಆಣೆಮಾಡಿ ಹೇಳುತ್ತೇನೆ, ಅವರು ಅದನ್ನು ಹೇಳಿದ್ದು ಎಮ್ಮೆಗೆ! ತೋಪಿಗೆ ತೋಪೇ ನಕ್ಕಿತು.

ಆ ನಗು ಅವರಿಗೆ ಚುಚ್ಚಿತೋ ಏನೋ, ದನಿ ಗಡುಸಾಯಿತು. "ಹೂತದ್ದು ನಿಜವಾದರೆ ಗುಂಡಿ ಅಗೆಸಿ. ಕೊಂಬು, ಬುರುಡೆ ತಂದು ತೋರಿಸಿ. ಈಗಲೇ ಮಂಜೂರು ಮಾಡ್ತೀನಿ."

ನಗು ನಿಂತಿತು. ದೊಡ್ಡತ್ತೆ ಬೋಡಿಯ ಕುತ್ತಿಗೆಯ ಮೇಲೆ ಕೈಯಿಟ್ಟರು.

"ಬೇಡ ಅಂತ ಹೇಳು ಬೋಡೀ. ತುಂಗೆ ಮಲಗಿದಾಳೆ. ಅವಳನ್ನ ಎಬ್ಬಿಸಿ ಸಾಕ್ಷಿ ಹೇಳ್ಸೋಷ್ಟು ದರಿದ್ರ ಬಂದಿಲ್ಲ ನನಗೆ. ಪರಿಹಾರಾನ ಅವರೇ ಇಟ್ಕೊಳ್ಲಿ. ಅವಳು ಇದ್ಲು, ಸತ್ಲು. ಇಷ್ಟು ಬರ್ಕೊಂಡ್ರೆ ಸಾಕು ಅಂತ ಹೇಳು."

ಆಗ ಹಿಂದೆ ನಿಂತಿದ್ದ ಮಾವನವರು ಒಂದು ಹೆಜ್ಜೆ ಮುಂದೆ ಬಂದರು. ಎರಡೂ ಕೈ ಎತ್ತಿ ರುಮಾಲನ್ನು ತೆಗೆದು ಕಂಕುಳಲ್ಲಿಟ್ಟುಕೊಂಡರು. ಅಮಲ್ದಾರರ ಮುಂದೆ ಶಾನುಭೋಗ ಬರಿತಲೆಯಲ್ಲಿ ನಿಲ್ಲುವುದೆಂದರೇನು! ಶೇಕದಾರರ ಬಾಯಿ ತೆರೆದದ್ದು ಹಾಗೇ ಉಳಿಯಿತು.

"ಮಹಾಸ್ವಾಮೀ, ಆ ಗುಂಡಿಗೆ ಸುಣ್ಣ ಹಾಕಿದೋನು ನಾನು. ಆಧಾರ ಇಲ್ಲ ಅಂತ ಬರೆದೋನೂ ನಾನು. ಬರೆದದ್ದು ಸುಳ್ಳು. ಹಸು ಇತ್ತು."

"ರುಮಾಲು ಹಾಕ್ಕೊಳ್ರೀ!" ಎಂದು ಗುಡುಗಿದರು ಅಮಲ್ದಾರರು. "ನಿಮ್ಮ ಅಕ್ಕನ ಹಸುವಿಗೆ ನೀವೇ ಸಾಕ್ಷಿಯೇ? ಸಂಬಂಧಿಕರ ಸಾಕ್ಷಿ ಊರ್ಜಿತವಲ್ಲ. ಮುಂದಿನವರನ್ನ ಕರೀರಿ."

ಆಯಿತಲ್ಲ! ತಾಲ್ಲೂಕು ಸುತ್ತಿ ಊರಿಗೊಂದು ಸಲ ಸತ್ತ ತೊಗಲಿನ ಸಾಕ್ಷಿ ಊರ್ಜಿತ. ಸುಣ್ಣ ಹಾಕಿದ ಕೈಯ ಸಾಕ್ಷಿ ಊರ್ಜಿತವಲ್ಲ. ಪರಿಹಾರ ಬಂತೇ ಎಂದು ಕೇಳಬೇಡಿ. ಬರಲಿಲ್ಲ. 'ಆಧಾರವಿಲ್ಲ' ಎಂಬ ಆ ಸಾಲನ್ನು ಯಾರೂ ಹೊಡೆದು ಹಾಕಲೂ ಇಲ್ಲ. ಯಾವುದೋ ಕಚೇರಿಯ ಕಟ್ಟಿನಲ್ಲಿ ನಮ್ಮ ತುಂಗೆ ಇಂದಿಗೂ ಹುಟ್ಟಿಯೇ ಇಲ್ಲ.

ಕ್ಯಾಂಪು ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಹಿಂದಿರುಗಿದೆವು. ಮುಂದೆ ಮಾವನವರು, ಬರಿತಲೆ, ಕಂಕುಳಲ್ಲಿ ರುಮಾಲು. ಹಿಂದೆ ದೊಡ್ಡತ್ತೆ ಮತ್ತು ಬೋಡಿ. ಕೊನೆಯಲ್ಲಿ ನಾನು. ಬಿಸಿಲು ಧಗಧಗಿಸುತ್ತಿತ್ತು. ಕೆರೆಯ ಏರಿಯ ಮೇಲೆ ಬಂದಾಗ ದೊಡ್ಡತ್ತೆ, "ಬೋಡೀ, ಅವನಿಗೆ ಹೇಳು" ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು. ಮುಂದೆ ನಡೆಯುತ್ತಿದ್ದ ಬರಿತಲೆಯನ್ನು ನೋಡಿದರು.

"ಲೋ. ತಲೆ ಸುಡುತ್ತೆ. ಸುತ್ಕೊಳೋ."

"ಸುತ್ಕೊಂಡ್ರೆ ನೀನು ಮಾತಾಡಲ್ವಲ್ಲ ಅಕ್ಕ" ಎಂದರು ಮಾವನವರು, ತಿರುಗದೆ.

ಆಮೇಲೆ ದೊಡ್ಡತ್ತೆ ಕೇಳಿದರು. "ಅವತ್ತು ಗುಂಡಿ ಮುಚ್ಚೋವಾಗ ನೀನು ಅಳ್ತಿದ್ಯಲ್ಲೋ. ಸುಣ್ಣ ಅಂದೆ. ನಂಗೆ ತಿಳಿಯಲ್ವಾ? ಅದನ್ನ ಯಾಕೋ ಬರೀಲಿಲ್ಲ ಆ ಕಾಗದದಲ್ಲಿ?"

"ಅದಕ್ಕೆ ಕಾಲಂ ಇಲ್ಲ ಅಕ್ಕ."

ಊರು ಮುಟ್ಟುವವರೆಗೂ ಮಾವನವರು ಬಿಸಿಲಲ್ಲಿ ಬರಿತಲೆಯಲ್ಲೇ ನಡೆದರು.

ಮರುದಿನ ಬೆಳಿಗ್ಗೆ ಅಮಲ್ದಾರರ ಕಚೇರಿಯಿಂದ ಕರೆ ಬಂತು. ಹಿಂದಿನ ದಿನದ ವರ್ತನೆಗೆ ಸಮಜಾಯಿಷಿ ಕೊಡಬೇಕಂತೆ. ಶಾನುಭೋಗಿಕೆ ಉಳಿಯುತ್ತದೋ ಹೋಗುತ್ತದೋ ಎಂಬ ದಿನ ಅದು. ಮಾವನವರು ಕನ್ನಡಿಯ ಮುಂದೆ ನಿಂತು ರುಮಾಲು ಸುತ್ತಿಕೊಂಡರು. ದೊಡ್ಡತ್ತೆ ಎಂದಿನಂತೆ ಸದ್ದಿಲ್ಲದೆ ಕೊಟ್ಟಿಗೆಗೆ ಹೋಗಿ ಕೂತರು. ನಾನು ಒಲೆಯ ಮುಂದೆ ಕೂತು ಚಪ್ಪಲಿಯ ಸದ್ದು ದೂರವಾಗಲಿ ಎಂದು ಕಾಯುತ್ತಿದ್ದೆ. ಸದ್ದು ಹೊಸಿಲ ತನಕ ಹೋಗಿ ನಿಂತಿತು. ನಿಂತೇ ಇತ್ತು.

"ಅಕ್ಕಾ, ಹೊರಡ್ತಿದೀನಿ" ಎಂದು ಕೂಗಿದರು ಮಾವನವರು. "ಸ್ವಲ್ಪ ಎದುರಿಗೆ ಬಾ."